ಗುರಿ ಸ್ಪಷ್ಟವಾಗಿದ್ದರೆ ಕೆಲಸಕ್ಕೆ ಹುರುಪು ಬರುತ್ತಾ?

ಪರ: ಏನು ಬೇಕು ಅಂತ ಬಾಯಿಬಿಟ್ಟು ಹೇಳಿ

"ಚೆನ್ನಾಗಿ ಮಾಡಿ" ಅನ್ನೋ ಮಾತು ಕೇಳಲು ಹಿತವಾಗಿರುತ್ತದೆ. ಆದರೆ ಚೆನ್ನಾಗಿ ಅಂದರೆ ಎಷ್ಟು, ಯಾವುದನ್ನು ಮೊದಲು ಹಿಡಿಯಬೇಕು, ಎಲ್ಲಿಗೆ ಬಂದರೆ ಮುಗಿಯಿತು ಅಂದುಕೊಳ್ಳಬೇಕು, ಇದ್ಯಾವುದೂ ಅದರಲ್ಲಿ ಇಲ್ಲ. ಕೊನೆಗೆ ನೌಕರ ಮ್ಯಾನೇಜರ್ ಮುಖ ನೋಡಿಯೇ ತನ್ನ ಕೆಲಸವನ್ನು ಅಳೆದುಕೊಳ್ಳಬೇಕು. ಅವರ ಮೂಡ್ ಸರಿಯಿದ್ದ ದಿನ ಎಲ್ಲವೂ ಸರಿ, ಇಲ್ಲದ ದಿನ ಯಾವುದೂ ಸರಿಯಿಲ್ಲ. ಇದಕ್ಕಿಂತ ಸುಸ್ತು ಮಾಡುವ ಕೆಲಸ ಬೇರೆ ಇದೆಯಾ?

ಮನಶ್ಶಾಸ್ತ್ರಜ್ಞ ಗ್ಯಾರಿ ಲೇಥಮ್ ಮತ್ತು ಸಂಗಡಿಗರೊಬ್ಬರು ಅಮೆರಿಕದಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿಗಳ ಬಗ್ಗೆ ನಡೆಸಿದ ಅಧ್ಯಯನ 1975ರಲ್ಲಿ ಪ್ರಕಟವಾಯಿತು. ಕೈಲಾದಷ್ಟು ತುಂಬಿ ಅಂದಾಗ ಚಾಲಕರು ಕಾನೂನು ಒಪ್ಪುವ ತೂಕದ ಶೇ. 60ರಷ್ಟು ಮಾತ್ರ ತುಂಬುತ್ತಿದ್ದರು. ಆಮೇಲೆ ಶೇ. 94 ಅಂತ ಗುರಿ ಕೊಟ್ಟರು. ಹೆಚ್ಚಿನ ಹಣವಿಲ್ಲ, ಮುಟ್ಟದಿದ್ದರೆ ಶಿಕ್ಷೆಯೂ ಇಲ್ಲ. ಮೊದಲ ತಿಂಗಳು 80ಕ್ಕೆ ಏರಿತು, ಎರಡನೇ ತಿಂಗಳು 70ಕ್ಕೆ ಇಳಿಯಿತು. ಯಾಕೆ ಗೊತ್ತಾ? ಶಿಕ್ಷೆ ಇಲ್ಲ ಅಂದಿದ್ದಾರಲ್ಲ, ಅದು ನಿಜವೋ ಸುಮ್ನೆ ಹೇಳಿದ್ದೋ ಅಂತ ಚಾಲಕರು ಪರೀಕ್ಷೆ ಮಾಡುತ್ತಿದ್ದರು! ಕೊಟ್ಟ ಮಾತು ಉಳಿಯಿತು. ಮೂರನೇ ತಿಂಗಳು 90ರ ಹತ್ತಿರಕ್ಕೆ ಬಂತು.

ನನಗೆ ಆ ಎರಡನೇ ತಿಂಗಳೇ ಮುಖ್ಯ. ಸಂಖ್ಯೆಯನ್ನು ಯಾರು ಬೇಕಾದರೂ ಬರೆದು ಕೊಡಬಹುದು, ಅದು ಕೆಳಗೆ ಬಿದ್ದಾಗ ಬೈಯದೆ ಮಾತಿಗೆ ನಿಲ್ಲುವುದೇ ನೇರವಾದ ಮ್ಯಾನೇಜ್‌ಮೆಂಟ್.

ವಿರೋಧ: ಎಣಿಸಿದ್ದಷ್ಟೇ ಕೆಲಸವಾಗಿಬಿಡುತ್ತದೆ

ದಿಮ್ಮಿಯನ್ನು ತೂಕಕ್ಕೆ ಹಾಕಬಹುದು. ಎಲ್ಲ ಕೆಲಸವನ್ನೂ ಹಾಗೆ ಹಾಕಲಾಗುತ್ತದೆಯೇ? ಕಸ್ಟಮರ್ ಕೇರ್‌ನಲ್ಲಿ ಗಂಟೆಗೆ ಇಷ್ಟು ಕರೆ ಅಂತ ಗುರಿ ಇಟ್ಟರೆ, ತೊಂದರೆಯಲ್ಲಿರುವವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ನೌಕರನೇ ಹಿಂದೆ ಬೀಳುತ್ತಾನೆ. ಫೋನ್ ಬೇಗ ಇಟ್ಟವನು ಮುಂದೆ. ಗುರಿ ಸ್ಪಷ್ಟವಾಗಿಯೇ ಇತ್ತು, ಅಲ್ವಾ?

ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಗುರಿ ಇನ್ನೂ ಸ್ಪಷ್ಟವಾಗಿತ್ತು: ಒಬ್ಬ ಗ್ರಾಹಕನಿಗೆ ಬ್ಯಾಂಕಿನ ಎಂಟು ಸೇವೆಗಳನ್ನು ಮಾರಬೇಕು. ಅಷ್ಟು ಮಾರಲಾಗದ ನೌಕರರು ಗ್ರಾಹಕರಿಗೆ ಗೊತ್ತೇ ಇಲ್ಲದೆ ಅವರ ಹೆಸರಿನಲ್ಲಿ ಖಾತೆ ತೆರೆದರು. 2016ರಲ್ಲಿ ವಿಷಯ ದೊಡ್ಡದಾಗಿ ಹೊರಬಂದಾಗ ಬ್ಯಾಂಕಿಗೆ ಬಿದ್ದ ದಂಡ 18.5 ಕೋಟಿ ಡಾಲರ್. ಸುಮಾರು 5,300 ಜನರನ್ನು ಬ್ಯಾಂಕು ಕೆಲಸದಿಂದ ತೆಗೆದಿತ್ತು. ಅಷ್ಟೂ ಜನ ಹುಟ್ಟಾ ಮೋಸಗಾರರಾಗಿದ್ದರು ಅಂತ ನಾನು ನಂಬುವುದಿಲ್ಲ. ದಿನವೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಇವತ್ತು ಎಷ್ಟು ಮಾಡಿದೆ? ಹೇಗೆ ಮಾಡಿದೆ ಅಂತ ಕೇಳುವವರು ಇರಲಿಲ್ಲ.

ಶಿಕ್ಷೆ ಇಲ್ಲದ ಗುರಿ ಬೇರೆ, ಅದು ಒಳ್ಳೆಯದೇ ಅನ್ನಬಹುದು. ಆದರೆ ಅಂಥ ಗುರಿ ಎಷ್ಟು ದಿನ ಹಾಗೇ ಉಳಿಯುತ್ತದೆ? ವರ್ಷದ ಕೊನೆಗೆ ಸಂಬಳ ಏರಿಸುವಾಗ ಗುರಿ ಬರೆದ ಅದೇ ಹಾಳೆ ಮೇಜಿನ ಮೇಲೆ ಬರುತ್ತದೆ. ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ಕೆಲಸಗಾರರಿಗೆ ಸಂಖ್ಯೆಯ ಗುರಿ ಇಡುವುದನ್ನೇ ಬಿಡಿ ಅಂದಿದ್ದರು. ತಪ್ಪು ಜಾಸ್ತಿ ಇರುವುದು ಕೆಲಸದ ವ್ಯವಸ್ಥೆಯಲ್ಲಿ, ಮಾಡುವವನಲ್ಲಿ ಅಲ್ಲ ಅನ್ನೋದು ಅವರ ವಾದ.

ಹೊಸದಾಗಿ ಸೇರಿದವಳ ಪಕ್ಕ ಅರ್ಧ ದಿನ ಕೂತು ಕೆಲಸ ಕಲಿಸಿಕೊಟ್ಟವಳ ಹಾಳೆಯಲ್ಲಿ ಆ ಅರ್ಧ ದಿನ ಖಾಲಿ ಇರುತ್ತದೆ. ಮುಂದಿನ ಸಲ ಅವಳು ಕಲಿಸಲು ಹೋಗುತ್ತಾಳಾ?