ಒಂದು ಬ್ರೀದರ್ ಹೋಸ್‌ಗೆ ಇಷ್ಟು ಅಲೆದಾಟ ಬೇಕಾ?

ಹಳೇ ಪದ್ಮಿನಿ ಕಾರು ಇಟ್ಕೊಂಡೋರಿಗೆ ಗೊತ್ತಿರತ್ತೆ, ದೊಡ್ಡ ಪಾರ್ಟ್ಸ್ ಹೆಂಗೋ ಹೊಂಚ್ಕೋಬಹುದು, ಆದ್ರೆ ಇಂಜಿನ್ ಒಳಗಿನ ಹೊಗೆ ಹೊರಗೆ ಹೋಗೋಕೆ ಇರೋ ಗೇಣುದ್ದದ ರಬ್ಬರ್ ಪೈಪು, ಅದೇ ಬ್ರೀದರ್ ಹೋಸ್, ಮಾತ್ರ ಬೆಂಗಳೂರಲ್ಲಿ ಗಾಡಿ ಪಾರ್ಟ್ಸ್ ಮಾರೋ ಜೆ.ಸಿ. ರೋಡ್ ಇಡೀ ಸುತ್ತಿದ್ರೂ ಸಿಗಲ್ಲ. ಕೇಳಿದ ಕಡೆಯೆಲ್ಲ ಒಂದೇ ಮಾತು, "ಅದು ಈಗ ಬರಲ್ಲ ಸಾರ್, ರೇಡಿಯೇಟರ್ ಪೈಪ್ ಕಟ್ ಮಾಡಿ ಹಾಕ್ಕೊಳ್ಳಿ". ಅಲ್ಲಾ ಸ್ವಾಮಿ, ಅದು ನೀರಿಗೆ ಅಂತ ಮಾಡಿರೋ ರಬ್ಬರ್ರು, ಇದರಲ್ಲಿ ಓಡೋದು ಕ್ರ್ಯಾಂಕ್‌ಕೇಸಿಂದ (ಇಂಜಿನ್ನಿನ ಕೆಳಭಾಗದಿಂದ) ಬರೋ ಬಿಸಿ ಆಯಿಲ್ ಹೊಗೆ, ಬರ್ತಾ ಬರ್ತಾ ಉಬ್ಬಿ ಮೆತ್ತಗಾಗಿ ಕುಸಿಯತ್ತೆ. ಆಯಿಲ್ ತಡ್ಕೊಳ್ಳೋ ನೈಟ್ರೈಲ್ ರಬ್ಬರ್ ಕೊಡಿ ಅಂದ್ರೆ ಮುಖ ಮುಖ ನೋಡ್ತಾರೆ. ಸಿಕ್ಕಿದ್ರೂ ನೆಟ್ಟಗಿರೋ ಪೈಪು, ನಮಗೆ ಬೇಕಾಗಿರೋದು ಬೆಂಡ್ ಇರೋದು, ಬಗ್ಗಿಸಿ ತುರುಕಿದ್ರೆ ಮಡಚ್ಕೊಂಡು ಗಾಳಿ ಕಟ್ಟತ್ತೆ, ಒಳಗೆ ಪ್ರೆಶರ್ ಏರಿ ಸೀಲು, ಪ್ಯಾಕಿಂಗು ಎಲ್ಲ ಕಡೆಯಿಂದ ಆಯಿಲ್ ಜಿನುಗೋಕೆ ಶುರು. ಆಮೇಲೆ ಅದೇ ಮೆಕ್ಯಾನಿಕ್ಕು "ಇಂಜಿನ್ ಹೋಗಿದೆ, ಬೋರ್ ಮಾಡಿಸ್ಬೇಕು" ಅಂತಾನೆ! ನಂಗೆ ಹೊಟ್ಟೆ ಉರಿಯೋದೇ ಇದಕ್ಕೆ, ಒಂದು ತುಂಡು ರಬ್ಬರ್ ಇಲ್ಲದೆ ಚೆನ್ನಾಗಿರೋ ಗಾಡಿಗಳು ಗುಜರಿಗೆ ಹೋಗ್ತಿವೆ. ಪೀಣ್ಯದ ಕಡೆ ಸಣ್ಣ ಲಾಟಲ್ಲಿ ಮೋಲ್ಡ್ ಮಾಡ್ಕೊಡೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಸ್ಯಾಂಪಲ್ಲಿಗೆ ಹಳೇ ಹೋಸ್ ನಾನೇ ತಂದ್ಕೊಡ್ತೀನಿ.