ಆಳು ಮಾಡಿದ್ದು ಹಾಳೇ?

'ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು' ಎಂಬ ಗಾದೆಯನ್ನು ಊರಿನಿಂದ ಮುಂಬಯಿಗೆ ಕಟ್ಟಿಕೊಂಡು ಬಂದವರಲ್ಲಿ ನಾನೂ ಒಬ್ಬ. ಫೋರ್ಟಿನ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಅದನ್ನೇ ನೆಚ್ಚಿಕೊಂಡು ದುಡಿದೆ. ತಿಂಗಳ 7ರೊಳಗೆ ಟಿಡಿಎಸ್, ಅಂದರೆ ಮೂಲದಲ್ಲೇ ಮುರಿದುಕೊಂಡ ತೆರಿಗೆ ಕಟ್ಟಬೇಕು; 11ರೊಳಗೆ ಮಾರಾಟದ ವಿವರ ತೋರಿಸುವ ಜಿಎಸ್‌ಟಿಆರ್-1, 20ರೊಳಗೆ ತಿಂಗಳ ಜಿಎಸ್‌ಟಿಯ ಒಟ್ಟು ಲೆಕ್ಕವಾದ 3ಬಿ ಸಲ್ಲಿಸಬೇಕು. ಕೈಕೆಳಗೆ ಮೂವರಿದ್ದರೂ ಈ ಮೂರನ್ನೂ ನಾನೇ ಮಾಡುತ್ತಿದ್ದೆ. ಅವರಿಗೆ ಹೇಳಿಕೊಡುವಷ್ಟರಲ್ಲಿ ನಾನೇ ಮಾಡಿ ಮುಗಿಸಬಹುದು ಎಂಬುದು ನನ್ನ ಸಿದ್ಧ ಉತ್ತರ. ಒಂದು ತಿಂಗಳ ಮಟ್ಟಿಗೆ ಆ ಲೆಕ್ಕ ಸರಿಯೇ. ಆದರೆ ಹೇಳಿಕೊಡಲು ತಗಲುವ ನಾಲ್ಕು ಗಂಟೆ ಒಂದು ಸಲದ ಖರ್ಚು, ನಾನೇ ಮಾಡುವ ಎರಡು ಗಂಟೆ ತಿಂಗಳು ತಿಂಗಳೂ ಬೀಳುವ ಖರ್ಚು ಎಂಬುದು ಲೆಕ್ಕಪತ್ರದವನಿಗೇ ಹೊಳೆಯಲಿಲ್ಲ. ಹೊಳೆಯುವುದು ನನಗೆ ಬೇಕಿರಲಿಲ್ಲ ಎಂದರೆ ಹೆಚ್ಚು ಸರಿ. 'ರಾವ್‌ಸಾಹೇಬರು ಇಲ್ಲದಿದ್ದರೆ ಇಲ್ಲಿ ಏನೂ ನಡೆಯುವುದಿಲ್ಲ' ಎಂಬ ಮಾತು ಕಿವಿಗೆ ಅಷ್ಟು ಇಂಪಾಗಿತ್ತು.

ಒಂದು ಮಳೆಗಾಲದಲ್ಲಿ ಡೆಂಗ್ಯೂ ಬಂದು ಡೊಂಬಿವಲಿಯ ಮನೆಯಲ್ಲಿ ಮಲಗಿದೆ. ತೆರಿಗೆಯ ಚಲನ್ ಕಟ್ಟಬೇಕಾದರೆ ಬ್ಯಾಂಕಿನ ಒಟಿಪಿ ನನ್ನ ಫೋನಿಗೇ ಬರಬೇಕು. ಹಾಗೆ ವ್ಯವಸ್ಥೆ ಮಾಡಿಟ್ಟವನೂ ನಾನೇ. ಮಗ್ಗುಲಲ್ಲಿ ಗಂಜಿ ಆರಿ ಕೆನೆಗಟ್ಟುತ್ತಿರಲು, ಕಚೇರಿಯಿಂದ ಫೋನ್ ಮಾಡಿದವರಿಗೆ ಜ್ವರದ ಮಂಪರಿನಲ್ಲಿ ಆರನ್ನು ಒಂಬತ್ತೆಂದು ಎರಡು ಸಲ ಓದಿ ಹೇಳಿದೆ. ಮೂರನೆಯ ಸಲಕ್ಕೆ ನನ್ನ ಹೆಂಡತಿ ಫೋನನ್ನು ಕಸಿದುಕೊಂಡು, ಅಂಕಿಗಳನ್ನು ತಾನೇ ಓದಿ, "ಇನ್ನು ನೀವೇ ನೋಡಿಕೊಳ್ಳಿ, ಅವರು ಮಲಗಿದ್ದಾರೆ" ಎಂದು ಹೇಳಿ ಇಟ್ಟಳು. ನನ್ನ ಅಧಿಕಾರ ಹಸ್ತಾಂತರವಾದದ್ದು ಹೀಗೆ, ನನ್ನನ್ನು ಕೇಳದೆಯೇ.

ಹತ್ತು ದಿನ ಬಿಟ್ಟು ಕಚೇರಿಗೆ ಹೋದಾಗ ಎಲ್ಲವೂ ಹೊತ್ತಿಗೆ ಸರಿಯಾಗಿ ಸಲ್ಲಿಕೆಯಾಗಿತ್ತು. ಮೂವರಲ್ಲಿ ಕಿರಿಯಳಾದ ವಿರಾರಿನ ಮರಾಠಿ ಹುಡುಗಿ ಆ ಕೆಲಸ ಮಾಡಿದ್ದಳು. ಅವಳ ಹಾಳೆಯನ್ನು ತೆರೆದು ನೋಡಿದರೆ ನನ್ನ ಕ್ರಮವೇ ಅಲ್ಲಿರಲಿಲ್ಲ. ನಾನು ಬಿಲ್ಲುಗಳನ್ನು ತಾರೀಖಿನ ಪ್ರಕಾರ ಇಡುತ್ತಿದ್ದೆ. ಅವಳು ಮಾರಾಟಗಾರರ ಪ್ರಕಾರ ಇಟ್ಟಿದ್ದಳು. ಪ್ರತಿ ತಿಂಗಳ 14ರಂದು ಜಿಎಸ್‌ಟಿ ಪೋರ್ಟಲಿನಲ್ಲಿ ಮೂಡುವ 2ಬಿ ಪಟ್ಟಿಯೊಂದಿಗೆ, ಅಂದರೆ ಮಾರಾಟಗಾರರು ತೋರಿಸಿದ ಬಿಲ್ಲುಗಳ ಪಟ್ಟಿಯೊಂದಿಗೆ, ತಾಳೆ ನೋಡುವಾಗ, ಯಾರು ತಮ್ಮ ಬಿಲ್ಲನ್ನು ತೋರಿಸದೆ ಕೈಕೊಟ್ಟಿದ್ದಾರೆ ಎಂಬುದು ಅವಳ ಹಾಳೆಯಲ್ಲಿ ಒಂದೇ ನೋಟಕ್ಕೆ ಸಿಗುತ್ತಿತ್ತು. ಆದರೂ ನನ್ನ ಕೈ ಮೌಸಿನ ಕಡೆಗೆ ಹೋಯಿತು, ಎಲ್ಲವನ್ನೂ ಮತ್ತೆ ತಾರೀಖಿನ ಸಾಲಿಗೆ ಎಳೆದು ತರಲು. ಕೆಲಸವನ್ನು ಕೊಡುವುದು ಅಷ್ಟೇನೂ ಕಷ್ಟವಲ್ಲ, ಅದನ್ನು ಅವರ ರೀತಿಯಲ್ಲಿ ಮಾಡುವ ಸ್ವಾತಂತ್ರ್ಯವನ್ನು ಕೊಡುವುದೇ ಕಷ್ಟ ಎಂಬುದು ಆ ಗಳಿಗೆಯಲ್ಲಿ ನನಗೆ ತಿಳಿಯಿತು.

ನನ್ನ ಸೋದರಮಾವನಿಗೆ ಇದು ಎಂದೋ ತಿಳಿದಿತ್ತು. ಹುಡುಗನಾಗಿ ಬಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಮಾಟುಂಗದಲ್ಲಿ ಗಲ್ಲಾದ ಮೇಲೆ ಕುಳಿತವನು ಅವನು. ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲೇ ನಿಂತು ಒಂದು ಸೌಟು ಸಾಂಬಾರನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿ, "ಭಟ್ರೇ, ಇವತ್ತು ಉಪ್ಪು ಒಂಚೂರು ಮುಂದಾಯ್ತು" ಎನ್ನುವನು; ಅದನ್ನು ಸರಿಪಡಿಸುವ ಬಗೆಯನ್ನು ಎಂದೂ ಹೇಳುತ್ತಿರಲಿಲ್ಲ, ಒಳಗೆ ಕಾಲಿಡುತ್ತಲೂ ಇರಲಿಲ್ಲ. ಗಲ್ಲಾದ ಬೀಗದ ಕೈ ಮಾತ್ರ ಸೊಂಟದ ಉಡಿದಾರದಿಂದ ಕದಲುತ್ತಿರಲಿಲ್ಲ. ಗಿರಾಕಿ ಸಿಟ್ಟಾದರೆ ಭಟ್ಟರನ್ನು ಹೊರಗೆ ಕರೆಯದೆ ತಾನೇ ಎದ್ದು ಹೋಗಿ ಬೈಸಿಕೊಳ್ಳುತ್ತಿದ್ದನು.

ಮಾವ ಕಾನೂನನ್ನು ಓದಿದವನಲ್ಲ, ಆದರೆ ಅವನ ನಡವಳಿಕೆ 1872ರ ಭಾರತೀಯ ಕರಾರು ಕಾಯ್ದೆಗೆ ಹತ್ತಿರವಾಗಿತ್ತು. ತಾನೇ ಮಾಡುತ್ತೇನೆಂದು ಒಪ್ಪಿಕೊಂಡ ಕೆಲಸವನ್ನು ಏಜೆಂಟನು ಸಾಮಾನ್ಯವಾಗಿ ಇನ್ನೊಬ್ಬನಿಗೆ ದಾಟಿಸುವಂತಿಲ್ಲ ಎನ್ನುತ್ತದೆ ಅದರ 190ನೇ ಕಲಮು. ನ್ಯಾಯವಾಗಿ ಉಪ-ಏಜೆಂಟನನ್ನು ನೇಮಿಸಿಕೊಂಡರೂ ಅವನ ಕೆಲಸಕ್ಕೆ ಮಾಲೀಕನ ಮುಂದೆ ಏಜೆಂಟನೇ ಹೊಣೆ ಎನ್ನುತ್ತದೆ 192ನೆಯದು. ಕೆಲಸ ಕೈ ಬದಲಿಸಬಹುದು, ಬೈಗುಳ ಬದಲಿಸುವಂತಿಲ್ಲ. ನಮ್ಮ ಕಚೇರಿಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ತಿರುವುಮುರುವು: ಹೊಗಳಿಕೆ ಮೇಲಿನವರಲ್ಲಿ ಉಳಿದು ಬೈಗುಳ ಕೆಳಗಿಳಿಯುತ್ತದೆ.

ಮುಂಬಯಿಯಲ್ಲಿ ಈ ವಿಷಯದ ಭಾಷಣ ಡಬ್ಬಾವಾಲಾರ ಹೆಸರಿಲ್ಲದೆ ಮುಗಿಯುವುದಿಲ್ಲ. 1890ರಿಂದ ನಡೆದು ಬಂದಿರುವ ಆ ವ್ಯವಸ್ಥೆಯಲ್ಲಿ ಮನೆಯಿಂದ ಹೊರಟ ಊಟ ಹಲವು ಕೈ ದಾಟಿ, ಮುಚ್ಚಳದ ಮೇಲಿನ ಗುರುತುಗಳನ್ನೇ ನಂಬಿ ಮೇಜಿಗೆ ಬರುತ್ತದೆ. ನನ್ನನ್ನು ಬೆರಗುಗೊಳಿಸುವುದು ಆ ಗುರುತುಗಳಲ್ಲ. ಡಬ್ಬಿಯನ್ನು ಇನ್ನೊಬ್ಬನ ಕೈಗೆ ದಾಟಿಸಿದವನು ಹಿಂತಿರುಗಿ ನೋಡದೆ ತನ್ನ ಮುಂದಿನ ಡಬ್ಬಿಯನ್ನು ಎತ್ತಿಕೊಳ್ಳುವ ಪರಿ.

ಅಷ್ಟು ನನಗೆ ಇನ್ನೂ ಸಾಧ್ಯವಾಗಿಲ್ಲ. ಈಗ 3ಬಿ ಪೂರ್ತಿಯಾಗಿ ಆ ಹುಡುಗಿಯದೇ. ಆದರೂ 20ರ ಸಂಜೆ ಲೋಕಲಿನಲ್ಲಿ ಠಾಣೆ ದಾಟುವ ಹೊತ್ತಿಗೆ ಜೀವ ತಡೆಯದೆ ಅವಳಿಗೆ ಫೋನ್ ಮಾಡಿ, "ಎಆರ್‌ಎನ್ ಬಂತೇ?" ಎಂದು, ಸಲ್ಲಿಕೆಯಾದದ್ದಕ್ಕೆ ಪೋರ್ಟಲ್ ಕೊಡುವ ಸಂಖ್ಯೆಯನ್ನು ಕೇಳುತ್ತಿದ್ದೆ. ಈಚೆಗೆ ಗಾಡಿ ಕುರ್ಲಾ ಮುಟ್ಟುವ ಮೊದಲೇ ಅವಳು ಆ ಸಂಖ್ಯೆಯ ಚಿತ್ರವನ್ನು ನನಗೆ ಕಳುಹಿಸಿಬಿಡುತ್ತಾಳೆ. ಹೀಗಾಗಿ ಉಳಿದಿದ್ದ ಆ ಒಂದು ಕೆಲಸವೂ ನನ್ನ ಕೈತಪ್ಪಿತು.