ಜೌಗಿನಲ್ಲಿ ಒಂದು ರಾತ್ರಿ: ರೂಮ್ ಬೇಕಾ, ಮಂಚ ಸಾಕಾ?

ಫ್ಲೋರಿಡಾದ ಎವರ್‌ಗ್ಲೇಡ್ಸ್ ನ್ಯಾಷನಲ್ ಪಾರ್ಕ್ ನೋಡಲು ಹೊರಟವರು ಮೊದಲು ಕೇಳುವ ಪ್ರಶ್ನೆ, ರಾತ್ರಿ ಉಳಿಯುವುದು ಎಲ್ಲಿ? ಹದಿನೆಂಟು ವರ್ಷ ಇದಕ್ಕೆ ಉತ್ತರ ಒಂದೇ ಇತ್ತು. ಡೇರೆ ತನ್ನಿ, ಇಲ್ಲವೇ ಕತ್ತಲಾಗುವ ಮೊದಲು ಹೊರಡಿ.

ಪಾರ್ಕಿನ ರಸ್ತೆ ಮುಗಿದು ಕೊಲ್ಲಿ ಶುರುವಾಗುವ ಕಡೆ ಫ್ಲಮಿಂಗೊ ಅಂತ ಒಂದು ಜಾಗ ಇದೆ. ಹೆಸರು ಕೇಳಿ ಕ್ಯಾಮೆರಾ ತೆಗೆಯಬೇಡಿ, ಆ ಹಕ್ಕಿ ಅಲ್ಲಿ ಕಾಣುವುದು ಅಪರೂಪ. ಅಲ್ಲೊಂದು ಲಾಡ್ಜ್ ಇತ್ತು. 2005ರಲ್ಲಿ ಕತ್ರಿನಾ, ವಿಲ್ಮಾ ಎಂಬ ಎರಡು ಚಂಡಮಾರುತಗಳು ಎರಡು ತಿಂಗಳ ಅಂತರದಲ್ಲಿ ಬಂದು ಅದರ ಕಥೆ ಮುಗಿಸಿದವು. ಆಮೇಲೆ ಯೋಜನೆ, ವರದಿ, ಸಾರ್ವಜನಿಕರ ಅಭಿಪ್ರಾಯ, ಗುತ್ತಿಗೆ. 2023ರಲ್ಲಿ ಹೊಸ ಲಾಡ್ಜ್ ಬಾಗಿಲು ತೆರೆಯಿತು. ಎಷ್ಟು ಕೋಣೆಗಳಿರಬಹುದು ಹೇಳಿ? ಇಪ್ಪತ್ತನಾಲ್ಕು ಮನೆಗಳು. ಅವೂ ಹಡಗಿನ ಸರಕು ಸಾಗಿಸುವ ಕಂಟೇನರ್‌ಗಳನ್ನೇ ತಿದ್ದಿ, ನೆಲದಿಂದ ಮೇಲಕ್ಕೆತ್ತಿ ನಿಲ್ಲಿಸಿದವು.

ತಡವಾಯಿತು ಅಂತ ಆಡಿಕೊಳ್ಳುತ್ತಿಲ್ಲ. ಅದು ನಾಜೂಕಿನ ಜಾಗ. 15 ಲಕ್ಷ ಎಕರೆ ಪಾರ್ಕು, ಹುಲ್ಲಿನ ನಡುವೆ ತೆಳ್ಳಗೆ, ಹರಿಯುತ್ತಿದೆಯೋ ಇಲ್ಲವೋ ಎಂಬಷ್ಟು ನಿಧಾನವಾಗಿ ಸಾಗುವ ನೀರು. 1979ರಲ್ಲಿ ವಿಶ್ವ ಪರಂಪರೆಯ ತಾಣ ಎನಿಸಿಕೊಂಡಿತು. ಈಗ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇದೆ. ಅಂಥ ಕಡೆ ಒಂದು ಮೊಳೆ ಹೊಡೆಯುವ ಮೊದಲೂ ಹತ್ತು ಸಲ ಯೋಚಿಸಬೇಕು, ಅಲ್ವಾ? ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಮಾಡುವುದಕ್ಕೆ ಏನಿದೆ? ಬೇಕಾದಷ್ಟಿದೆ. ಶಾರ್ಕ್ ವ್ಯಾಲಿಯಲ್ಲಿ 15 ಮೈಲಿ ಸೈಕಲ್ ಹೊಡೆಯಬಹುದು. ಶಾರ್ಕೂ ಇಲ್ಲ, ಕಣಿವೆಯೂ ಇಲ್ಲ, ಹೆಸರಿಗೆ ತಕರಾರು ತೆಗೆಯಬೇಡಿ. ಮುಖ್ಯ ರಸ್ತೆಯಲ್ಲಿ ರಾಕ್ ರೀಫ್ ಪಾಸ್ ಎಂಬ ಬೋರ್ಡ್ ಸಿಗುತ್ತದೆ. ಪಾಸ್ ಅಂದರೆ ಘಾಟಿ. ಎತ್ತರ 3 ಅಡಿ. ಗೇರ್ ಬದಲಿಸದೆ ಘಾಟಿ ಹತ್ತಿ ಇಳಿದ ಸಮಾಧಾನ ಬೇರೆ ಎಲ್ಲಿ ಸಿಗುತ್ತದೆ? ಅಲಿಗೇಟರ್ ಮತ್ತು ಕ್ರೊಕೊಡೈಲ್ ಎರಡೂ ಕಾಡಿನಲ್ಲಿ ಒಟ್ಟಿಗೆ ಬದುಕುವ ಏಕೈಕ ಸೀಮೆ ಇದು. ನಮಗೇನೋ ಎರಡೂ ಮೊಸಳೆಯೇ. ಕನ್ನಡಕ್ಕೆ ಆ ವ್ಯತ್ಯಾಸ ಬೇಕಾಗಿರಲಿಲ್ಲ. ಅವುಗಳಿಂದ 15 ಅಡಿ ದೂರ ಇರಬೇಕು, ತಿನ್ನಲು ಏನೂ ಹಾಕಬಾರದು.

ಕಾರು ನಿಲ್ಲಿಸುವ ಕಡೆ ರಣಹದ್ದುಗಳ ಕಾಟ ಉಂಟು. ವೈಪರ್, ಕಿಟಕಿಯ ರಬ್ಬರ್ ಎಲ್ಲ ಕಿತ್ತು ಹಾಕುತ್ತವೆ. ಅದಕ್ಕೆ ಪಾರ್ಕಿನವರೇ ಟಾರ್ಪಾಲು, ಕಟ್ಟಲು ಹಗ್ಗ ಇಟ್ಟಿರುತ್ತಾರೆ. ಪುಕ್ಕಟೆ. ಕಾರಿಗೆ ಸೀರೆ ಉಡಿಸಿದ ಹಾಗೆ ಸುತ್ತಿಟ್ಟು ಹಕ್ಕಿ ನೋಡಲು ಹೋಗಿ. ಸೊಳ್ಳೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫ್ಲಮಿಂಗೊದಲ್ಲಿ ಸೊಳ್ಳೆ ಮೀಟರ್ ಎಂಬ ಬೋರ್ಡ್ ಇದೆ. ಅದರ ಮುಳ್ಳು ‘ಹಾಯಾಗಿದೆ’ಯಿಂದ ಹೊರಟು ‘ಹುಚ್ಚು ಹಿಡಿಯುತ್ತದೆ’ಯವರೆಗೆ ಹೋಗುತ್ತದೆ.

ಪ್ರವೇಶಕ್ಕೆ ಕಾರಿಗೆ 35 ಡಾಲರ್. ನೋಟು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ, ಕಾರ್ಡೇ ಬೇಕು. 2026ರಿಂದ ಒಂದು ಹೊಸ ನಿಯಮವೂ ಬಂದಿದೆ. ಅಮೆರಿಕದಲ್ಲಿ ನೆಲೆಸದ, 16 ತುಂಬಿದ ಪ್ರತಿಯೊಬ್ಬರೂ ಮೇಲೆ ನೂರು ಡಾಲರ್ ಕೊಡಬೇಕು. ಪರದೇಶಿ ಆಗಿದ್ದಕ್ಕೆ ದಂಡ ಅನ್ನಿ.

ಆದರೆ ನಿಜಕ್ಕೂ ಪರದೇಶಿಗಳಿಗೆಂದೇ ಇನ್ನೊಂದು ವಸತಿ ಈ ಜೌಗಿನಲ್ಲಿ ತಯಾರಾಯಿತು. ಅದಕ್ಕೆ ಟಿಕೆಟ್ ಇರಲಿಲ್ಲ, ಕಾರ್ಡ್ ಕೇಳುತ್ತಿರಲಿಲ್ಲ, ಕರೆದುಕೊಂಡು ಹೋಗುವ ವಾಹನವೂ ಅವರದೇ. ಪಾರ್ಕಿಗೆ ತಾಗಿರುವ ಬಿಗ್ ಸೈಪ್ರೆಸ್ ಸಂರಕ್ಷಿತ ಪ್ರದೇಶದ ನಡುವೆ ಹಳೆಯ ರನ್‌ವೇ ಒಂದಿದೆ. 2025ರ ಜೂನ್ ಕೊನೆಯಲ್ಲಿ ರಾಜ್ಯ ಸರ್ಕಾರ ಅಲ್ಲಿ ಡೇರೆ, ಬೇಲಿ, ಜನರೇಟರ್ ಇಳಿಸಿತು. ಸಾವಿರಾರು ಜನರಿಗೆ ಒಂದರ ಮೇಲೊಂದು ಮಂಚ. ಕಟ್ಟಲು ಹಿಡಿದದ್ದು ಎಂಟು ದಿನ. ವರ್ಷ ಅಲ್ಲ, ದಿನ. ವಲಸಿಗರನ್ನು ಕೂಡಿಡುವ ಈ ಜಾಗಕ್ಕೆ ‘ಅಲಿಗೇಟರ್ ಅಲ್ಕಟ್ರಾಜ್’ ಅಂತ ನಾಮಕರಣವೂ ಆಯಿತು. ಅಲ್ಕಟ್ರಾಜ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ದ್ವೀಪದಲ್ಲಿದ್ದ ಹೆಸರಾಂತ ಜೈಲು. ಹೆದ್ದಾರಿಗೆ ಬೋರ್ಡ್ ಬಂತು. ಜನ ಕಾರು ನಿಲ್ಲಿಸಿ ಅದರ ಕೆಳಗೆ ಸೆಲ್ಫಿ ತೆಗೆದುಕೊಂಡರು. ಆಳುವ ಪಕ್ಷ ಅದೇ ಹೆಸರಿನ ಟೀಶರ್ಟು, ಟೋಪಿ ಮಾರಿತು. ಜೈಲಿಗೂ ಸ್ಮರಣಿಕೆ ಅಂಗಡಿ!

ಜುಲೈ 1ಕ್ಕೆ ಅಧ್ಯಕ್ಷ ಟ್ರಂಪ್ ಖುದ್ದಾಗಿ ಬಂದರು. ವಾಷಿಂಗ್ಟನ್‌ನಿಂದ ಹೊರಡುವಾಗಲೇ, ಮೊಸಳೆ ಅಟ್ಟಿಸಿಕೊಂಡು ಬಂದರೆ ನೇರ ಓಡಬೇಡಿ, ಅಂಕುಡೊಂಕಾಗಿ ಓಡಿ ಎಂದು ಕೈ ತಿರುಗಿಸಿ ತೋರಿಸಿದ್ದರು. ಪಾರ್ಕಿನ ರೇಂಜರ್ ಪ್ರವಾಸಿಗರನ್ನು ಮೊಸಳೆಯಿಂದ 15 ಅಡಿ ದೂರ ಇಡುತ್ತಾನೆ. ಇಲ್ಲಿ ಮೊಸಳೆಯೇ ಕಾವಲುಗಾರ, ಸಂಬಳವೂ ಬೇಕಿಲ್ಲ. ಹಾಗಿದ್ದೂ ಖರ್ಚು ಮಂಚವೊಂದಕ್ಕೆ ದಿನಕ್ಕೆ 245 ಡಾಲರ್ ಎಂದು ಸರ್ಕಾರದವರೇ ಲೆಕ್ಕ ಕೊಟ್ಟರು. ಅದೇ ದಿನ ಮಳೆ ಸುರಿದು ಡೇರೆಯ ನೆಲದ ಮೇಲೆ ನೀರು ಬಂತು. ಜೌಗಿನಲ್ಲಿ ನೀರು ಬಂದದ್ದು ಕೆಲವರಿಗೆ ಸುದ್ದಿಯಾಯಿತು.

ಆ ರನ್‌ವೇ ಅಲ್ಲಿಗೆ ಬಂದದ್ದು ಹೇಗೆ? 1968ರಲ್ಲಿ ಅಲ್ಲಿ ಜಗತ್ತಿನಲ್ಲೇ ದೊಡ್ಡ ವಿಮಾನ ನಿಲ್ದಾಣ ಕಟ್ಟಲು ಹೊರಟಿದ್ದರು. ಇದು ಆದರೆ ದಕ್ಷಿಣ ಫ್ಲೋರಿಡಾದ ನಿಸರ್ಗ ಉಳಿಯುವುದಿಲ್ಲ ಎಂದು 1969ರಲ್ಲಿ ಕೇಂದ್ರದ ತಜ್ಞರ ವರದಿ ಬಂತು. ಮರುವರ್ಷ ಅಂದಿನ ಅಧ್ಯಕ್ಷ ನಿಕ್ಸನ್ ಸರ್ಕಾರ ಯೋಜನೆ ನಿಲ್ಲಿಸಿತು. ಉಳಿದದ್ದು ಒಂದೇ ಒಂದು ರನ್‌ವೇ. ವಿಮಾನಕ್ಕೆ ಬೇಡವಾದ ಜಾಗ ಅರ್ಧ ಶತಮಾನದ ಮೇಲೆ ಮಂಚಕ್ಕೆ ಒಪ್ಪಿಗೆಯಾಯಿತು.

ಪರಿಸರದವರು, ಅಲ್ಲೇ ತಲೆಮಾರುಗಳಿಂದ ಇರುವ ಮಿಕೊಸುಕಿ ಬುಡಕಟ್ಟಿನವರು ಕೋರ್ಟಿಗೆ ಹೋದರು. ಪರಿಸರ ಪರಿಶೀಲನೆಯೇ ಆಗಿಲ್ಲ, ಇದನ್ನು ಬಿಚ್ಚಿ ಎಂದು ಆಗಸ್ಟ್‌ನಲ್ಲಿ ನ್ಯಾಯಾಧೀಶೆ ಆದೇಶಿಸಿದರು. ಸೆಪ್ಟೆಂಬರ್‌ನಲ್ಲಿ ಮೇಲಿನ ಕೋರ್ಟ್ ತಡೆ ಕೊಟ್ಟಿತು. ಕೇಂದ್ರದ ದುಡ್ಡು ಬಂದಿಲ್ಲ, ಹಾಗಾಗಿ ಕೇಂದ್ರದ ಪರಿಸರ ಕಾನೂನು ಇದಕ್ಕೆ ಅನ್ವಯಿಸುವುದಿಲ್ಲ ಎಂಬ ವಾದ ಗೆದ್ದಿತು. ಒಂದು ತಿಂಗಳು ಕಳೆಯಿತು. ಕೇಂದ್ರದಿಂದ 608 ಮಿಲಿಯನ್ ಡಾಲರ್ ಮಂಜೂರಾಯಿತು. ಕೊಟ್ಟ ಇಲಾಖೆ ಯಾವುದು ಗೊತ್ತಾ? ಚಂಡಮಾರುತ, ಪ್ರವಾಹ ಬಂದಾಗ ಜನರ ನೆರವಿಗೆಂದು ಇರುವ ಫೀಮಾ. ಫ್ಲಮಿಂಗೊದ ಲಾಡ್ಜ್ ಹಾರಿಹೋದದ್ದು ಯಾವುದರಿಂದ ಎಂದು ಮೇಲೆ ಬರೆದಿದ್ದೇನೆ, ಇನ್ನೊಮ್ಮೆ ಓದಿಕೊಳ್ಳಿ.

ಒಳಗಿದ್ದವರು ಸೊಳ್ಳೆ, ತುಂಬಿ ಹರಿಯುವ ಕಕ್ಕಸು, ಹಗಲುರಾತ್ರಿ ಆರದ ದೀಪದ ಬಗ್ಗೆ ದೂರಿದರು. ಎಲ್ಲ ಸುಳ್ಳು ಎಂದರು ಅಧಿಕಾರಿಗಳು. ಆ ಸೊಳ್ಳೆ ಮೀಟರ್ ಒಂದನ್ನು ಅಲ್ಲಿಗೂ ಕಳಿಸಿದ್ದರೆ ಜಗಳ ಮುಗಿಯುತ್ತಿತ್ತು. ಯಾರನ್ನು ಅಲ್ಲಿಟ್ಟಿದ್ದಾರೆ, ಯಾರನ್ನು ಎಲ್ಲಿಗೆ ಸಾಗಿಸಿದ್ದಾರೆ ಎಂದು ಮನೆಯವರು ಸರ್ಕಾರದ ವೆಬ್‌ಸೈಟಿನಲ್ಲಿ ಹುಡುಕಿದರೆ ನೂರಾರು ಜನರ ಹೆಸರೇ ಸಿಗಲಿಲ್ಲ ಎಂದು ಪತ್ರಿಕೆಗಳು ಬರೆದವು.

ಹಾಂ, ಪಾರ್ಕಿನಿಂದ ಹೊರಡುವಾಗ ಕಾರಿಗೆ ಹೊದಿಸಿದ ಟಾರ್ಪಾಲು ಎಲ್ಲಿತ್ತೋ ಅಲ್ಲೇ ವಾಪಸ್ ಇಡಿ. ಒಂದು ಕಡಿಮೆಯಾದರೂ ಕೇಳುತ್ತಾರೆ.